ಲಂಡನ್ ಆಮೇಲೆ, ಮೊದಲು ಲಾಂಗ್ ರೋಲ್ ಕೇಳಿ

ಕೋಲಾರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ತಾತ 1942ರಲ್ಲಿ ಮಿಲಿಟ್ರಿಗೆ ಸೇರಿ, ಬರ್ಮಾದಲ್ಲಿ ಲಾರಿ ಓಡಿಸಿ, 1946ರಲ್ಲಿ ಊರಿಗೆ ಬಂದರಂತೆ. ಪಿಂಚಣಿ ಇರಲಿಲ್ಲ. ಮನೆಯಲ್ಲಿ ಎರಡು ಮೆಡಲ್, ಫ್ರೇಮು ಹಾಕಿಸಿದ ಒಂದು ಫೋಟೊ, ಅಷ್ಟೇ ಇರೋದು. ದಾಖಲೆ ಕೇಳಿದರೆ, ಅವಧಿ ಮುಗಿದ ಕಾರಣ ನಾಶ ಮಾಡಲಾಗಿದೆ ಅಂತ ಉತ್ತರ ಬಂತು. ಲಂಡನ್ನಿಗೆ ಬರೆಯಬೇಕಾ, ಇಲ್ಲಿಗೇ ಬಿಡಬೇಕಾ?’

ಬಿಡಬೇಡಿ. ಲಂಡನ್ನಿಗೂ ಈಗಲೇ ಬರೆಯಬೇಡಿ.

ನಿಮಗೆ ಬಂದ ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸಿಪಾಯಿಯ ಕಾಗದಪತ್ರವನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡೋದು ಸೇನೆಯ ನಿಯಮ. ನಿಮ್ಮ ತಾತನ ಲೆಕ್ಕದಲ್ಲಿ ಅದು 1971ಕ್ಕೇ ಮುಗಿಯಿತು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ನಮ್ಮ ಸೇನೆ 25 ಲಕ್ಷ ದಾಟಿತ್ತು, ಯುದ್ಧ ಮುಗಿದದ್ದೇ ಅದರಲ್ಲಿ ಬಹುಪಾಲು ಜನರನ್ನು ಸ್ವಲ್ಪ ದುಡ್ಡು ಕೊಟ್ಟು ಮನೆಗೆ ಕಳಿಸಿದರು, ಅವರ ಕಾಗದಗಳ ಗತಿಯೂ ಇದೇ ಆಗಿರುತ್ತದೆ. ಆದರೆ ಹಾಗೆ ಹೋಗೋದು ಶೀಟ್ ರೋಲ್, ಅಂದರೆ ಒಬ್ಬೊಬ್ಬರ ಹೆಸರಿನ ಕಡತ. ಲಾಂಗ್ ರೋಲ್ ಅಂತ ಬೇರೆ ಒಂದು ರಿಜಿಸ್ಟರ್ ಇದೆ, ಅದನ್ನು ಶಾಶ್ವತವಾಗಿ ಇಡಬೇಕು. ಅದರಲ್ಲಿ ಜಾಸ್ತಿ ಏನೂ ಇರಲ್ಲ. ನಂಬರು, ಹೆಸರು, ಸೇರಿದ ದಿನ, ಬಿಟ್ಟ ದಿನ, ಇಂಥವು. ನೀವು ‘ಸರ್ವೀಸ್ ರೆಕಾರ್ಡ್’ ಕೇಳಿದಿರಿ, ಅವರು ಅದಿಲ್ಲ ಅಂದರು. ಈ ಸಲ ‘ಲಾಂಗ್ ರೋಲ್‌ನಲ್ಲಿರುವ ವಿವರದ ಪ್ರತಿ’ ಅಂತಲೇ ಬರೆದು ಕೇಳಿ. ಮಾಹಿತಿ ಹಕ್ಕಿನ ಅರ್ಜಿಯಾದರೆ ಹತ್ತು ರೂಪಾಯಿ ಶುಲ್ಕ.

ಯಾರನ್ನು ಕೇಳೋದು ಅನ್ನೋದೇ ದೊಡ್ಡ ಗೋಜಲು. ಬರ್ಮಾದಲ್ಲಿ ಲಾರಿ ಅಂದರೆ ಸೇನೆಗೆ ಸಾಮಾನು ಸಾಗಿಸುತ್ತಿದ್ದ ಆಗಿನ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್ ಇರಬಹುದು, ಈಗಿನ ಎಎಸ್‌ಸಿ. ಅವರ ದಕ್ಷಿಣದ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲೇ ಇದೆ. ಆದರೆ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆಯಲ್ಲೂ ಲಾರಿ ಇತ್ತು. ಅದಾದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿಯನ್ನು (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಳಬೇಕು. ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲ್ಲಿಂಗ್ಟನ್, ಮರಾಠಾ ಆದರೆ ಬೆಳಗಾವಿ. ಊಹೆ ಮಾಡಿ ಎಲ್ಲರಿಗೂ ಬರೆಯೋ ಬದಲು ಮೆಡಲ್ ಕೈಗೆ ತಗೊಳ್ಳಿ. ದುಂಡಗಿನದಾದರೆ ಅಂಚು, ನಕ್ಷತ್ರದ್ದಾದರೆ ಹಿಂಬದಿ. ಭಾರತೀಯ ಸಿಪಾಯಿಗಳ ಮೆಡಲ್ ಮೇಲೆ ನಂಬರು, ಹೆಸರು, ಪಡೆಯ ಹೆಸರಿನ ಗಿಡ್ಡ ರೂಪ ಒತ್ತಿರೋದುಂಟು.

ಇದು ನನಗೆ ಗೊತ್ತಾಗಿದ್ದು ತಡವಾಗಿ. ನಮ್ಮ ದೊಡ್ಡ ತಾತನ ವಿಷಯದಲ್ಲಿ ಎರಡು ವರ್ಷ ಬರೀ ಹೆಸರು ಹಿಡಿದುಕೊಂಡು ಕಾಗದ ಬರೆದೆ, ಅದೂ ನಾವು ಮನೆಯಲ್ಲಿ ಕರೆಯೋ ಹೆಸರು. ಮೆಡಲ್ ನಮ್ಮ ಅತ್ತೆಯ ದೇವರ ಗೂಡಲ್ಲಿತ್ತು. ಪ್ರತಿ ದೀಪಾವಳಿಗೆ ದೀಪದ ಕಂಬದ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರವೆಲ್ಲ ಸವೆದಿತ್ತು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಅಡ್ಡಡ್ಡ ಹಿಡಿದು, ಅಂಚನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದಾಗ ಅಂಕಿಗಳು ನೆರಳಲ್ಲಿ ಎದ್ದು ಬಂದವು. ಒಂದು ಮಾತ್ರ ಮೂರೋ ಎಂಟೋ ತಿಳಿಯಲಿಲ್ಲ, ಎರಡನ್ನೂ ಬರೆದು ಕಳಿಸಿದೆ. ಮೂರು ತಿಂಗಳಿಗೆ ಒಂದೇ ಒಂದು ಸಾಲಿನ ಉತ್ತರ ಬಂತು. ಮುನಿಶಾಮಪ್ಪ ಅಲ್ಲಿ ‘ಮುನುಸಾಮಿ’ ಆಗಿದ್ದರು! ನೀವಂತೂ ದಯವಿಟ್ಟು ಮೆಡಲ್ ತಿಕ್ಕಬೇಡಿ.

ಹೆಸರಿನ ಹಾಗೆ ಊರಿಗೂ ಆಗಿನ ವಿಳಾಸ ಬರೆಯಿರಿ. ನಿಮ್ಮದು ಮೈಸೂರು ಸಂಸ್ಥಾನ. ಇದನ್ನು ಓದುತ್ತಿರುವ ಮಂಗಳೂರು, ಬಳ್ಳಾರಿಯವರು ಮದ್ರಾಸ್ ಪ್ರಾಂತ್ಯ ಅಂತ, ಧಾರವಾಡದವರು ಮುಂಬೈ ಪ್ರಾಂತ್ಯ ಅಂತ ಬರೆಯಬೇಕು. ಕೊಡಗಂತೂ ಆಗ ಬೇರೆಯದೇ ಪ್ರಾಂತ್ಯ.

ಇನ್ನು ಲಂಡನ್. ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಹೆಚ್ಚಾಗಿ ಸಿಗೋದು ಅಧಿಕಾರಿಗಳ ಕಾಗದ, ಸಾಮಾನ್ಯ ಸಿಪಾಯಿಯದ್ದು ಇಲ್ಲೇ ಉಳಿಯಿತು. ಯೂನಿಟ್ ಯಾವುದು ಅಂತ ಖಚಿತವಾದ ಮೇಲೆ ಮಾತ್ರ ಲಂಡನ್ನಿನ ಕ್ಯೂ ಅನ್ನೋ ಕಡೆ ಇರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ವಾರ್ ಡೈರಿ, ಅಂದರೆ ಆ ಯೂನಿಟ್ಟಿನ ದಿನಚರಿ ಹುಡುಕಬಹುದು. ಅದರಲ್ಲಿ ತಾತನ ಹೆಸರು ಸಿಗೋದು ಅಪರೂಪ, ಆದರೆ ಆ ಲಾರಿಗಳು ಯಾವತ್ತು ಎಲ್ಲಿದ್ದವು ಅಂತ ತಿಳಿಯುತ್ತೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿ ಸತ್ತವರದ್ದು, ತಾತ ಬದುಕಿ ಬಂದವರು, ಅಲ್ಲಿ ಸುಮ್ನೆ ಹುಡುಕಬೇಡಿ.

ಒಂದು ಮಾತು ಬಿಟ್ಟೆ. ಆ ಫೋಟೊವನ್ನು ಫ್ರೇಮಿನಿಂದ ಬಿಡಿಸಿದ್ದೀರಾ? ನಿಧಾನಕ್ಕೆ ಮೊಳೆ ಕಿತ್ತು ಹಿಂಬದಿ ನೋಡಿ. ಸ್ಟುಡಿಯೊ ಸೀಲೋ, ಪೆನ್ಸಿಲ್ಲಿನಲ್ಲಿ ಬರೆದ ನಂಬರೋ ಇರಬಹುದು. ಸಿಕ್ಕರೆ ಎರಡೂ ಬದಿಯ ಫೋಟೊ ತೆಗೆದು ನಮಗೆ ಕಳಿಸಿ, ಟೋಪಿಯ ಬಿಲ್ಲೆ ಕಾಣೋ ಹಾಗಿರಲಿ.

– ಸಂ.