ಹಳೆಯ ಕನ್ಸೋಲ್‌ಗೆ ಹಾರ್ಡ್ ಡಿಸ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ದಪ್ಪ ಮಾದರಿಯ ಪ್ಲೇಸ್ಟೇಷನ್ 2. ಕೆಲವು ಡಿವಿಡಿ ಓದುತ್ತದೆ, ಕೆಲವನ್ನು ಓದುವುದಿಲ್ಲ. ಆಟಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡು ಆಡಬಹುದಂತೆ, ನಿಜವೇ? ಏನೇನು ಬೇಕು?

ಉತ್ತರ: ನಿಜ. ಲೆನ್ಸ್ ಸೋಲುತ್ತಿರುವ ಕನ್ಸೋಲ್‌ಗೆ ನಾವು ಮೊದಲು ಸೂಚಿಸುವುದೇ ಇದನ್ನು. ಹಿಂದಿನ ಸ್ಟಿಕ್ಕರ್‌ನಲ್ಲಿ ಮಾದರಿ ಸಂಖ್ಯೆ ನೋಡಿ. ಎಸ್‌ಸಿಪಿಎಚ್-30000ದಿಂದ 50000 ಸರಣಿಯವರೆಗಿನ ಕನ್ಸೋಲ್‌ಗಳ ಬೆನ್ನಿಗೆ ಹಾರ್ಡ್ ಡಿಸ್ಕ್ ಕೂರುವ ಖಾಲಿ ಜಾಗ ಇರುತ್ತದೆ. 70000ದಿಂದ ಮುಂದಿನವು ಸ್ಲಿಮ್. ಅವುಗಳಲ್ಲಿ ಈ ಜಾಗವೇ ಇಲ್ಲ.

ಬೇಕಾದ್ದು ಮೂರು. ಮೊದಲನೆಯದು ನೆಟ್‌ವರ್ಕ್ ಅಡಾಪ್ಟರ್, ಅಂದರೆ ಹಾರ್ಡ್ ಡಿಸ್ಕನ್ನು ಕನ್ಸೋಲ್‌ಗೆ ಜೋಡಿಸುವ ಭಾಗ. ಸೋನಿಯ ಮೂಲ ಅಡಾಪ್ಟರ್‌ನಲ್ಲಿ ಐಡಿಇ ಎಂಬ ಹಳೆಯ ಬಗೆಯ ಡಿಸ್ಕ್ ಕನೆಕ್ಟರ್ ಇದೆ. ಅದರೊಳಗಿನ ಬೋರ್ಡ್ ಬದಲಿಸಿ ಸಾಟಾ (ಅದರ ನಂತರದ ಬಗೆಯ ಕನೆಕ್ಟರ್) ಮಾಡಿಕೊಳ್ಳಬಹುದು, ಇಲ್ಲವೇ ನೇರವಾಗಿ ಸಾಟಾ ಇರುವ ಬೇರೆ ತಯಾರಿಕೆಯ ಅಡಾಪ್ಟರ್ ತರಬಹುದು. ಇಂಥವುಗಳಲ್ಲಿ ಹಲವಕ್ಕೆ ಲ್ಯಾನ್ ಪೋರ್ಟ್ ಇರುವುದಿಲ್ಲ. ಹಾರ್ಡ್ ಡಿಸ್ಕ್‌ನಿಂದ ಆಡಲು ಅದು ಬೇಕಾಗಿಯೂ ಇಲ್ಲ. ಹಳೆಯ ಐಡಿಇ ಡಿಸ್ಕ್ ಹುಡುಕಿಕೊಂಡು ಹೋಗುವುದಕ್ಕಿಂತ ಸಾಟಾ ದಾರಿಯೇ ಲೇಸು.

ಎರಡನೆಯದು ಡಿಸ್ಕ್. 3.5 ಇಂಚಿನದು ನೇರವಾಗಿ ಕೂರುತ್ತದೆ. 2.5 ಇಂಚಿನ ಡಿಸ್ಕ್ ಅಥವಾ ಎಸ್‌ಎಸ್‌ಡಿ ಹಾಕುವುದಾದರೆ ಕೆಳಗೆ ಆಧಾರ ಕೊಡುವ ಬ್ರಾಕೆಟ್ ಬೇಕು. ಅದಿಲ್ಲದಿದ್ದರೆ ಡಿಸ್ಕ್‌ನ ಭಾರವೆಲ್ಲ ಕನೆಕ್ಟರ್ ಮೇಲೆ ಬೀಳುತ್ತದೆ. 2 ಟಿಬಿ ಮೇಲ್ಮಿತಿ, ಆದರೆ ಅಷ್ಟು ಬೇಕಾಗುವುದು ಅಪರೂಪ: ಒಂದು ಪದರದ ಡಿವಿಡಿ ಪೂರ್ತಿ ತುಂಬಿದ್ದರೂ 4.7 ಜಿಬಿ, ಅಂದರೆ 500 ಜಿಬಿ ಡಿಸ್ಕ್‌ನಲ್ಲಿ ನೂರು ಆಟ ಹಿಡಿಸುತ್ತವೆ.

ಮೂರನೆಯದು ಫ್ರೀ ಮ್ಯಾಕ್‌ಬೂಟ್ (ಕನ್ಸೋಲ್‌ನಲ್ಲಿ ಹೊರಗಿನ ಪ್ರೋಗ್ರಾಂ ತೆರೆಯಲು ಬಿಡುವ ತಂತ್ರಾಂಶ) ಹಾಕಿದ 8 ಎಂಬಿ ಮೆಮೊರಿ ಕಾರ್ಡ್. ಹಾರ್ಡ್ ಡಿಸ್ಕ್‌ನಿಂದ ಆಟ ನಡೆಸುವ ಓಪನ್ ಪಿಎಸ್2 ಲೋಡರ್, ಅಂದರೆ ಓಪಿಎಲ್, ತೆರೆಯಲು ಇದು ಬಾಗಿಲು. ಕನ್ಸೋಲ್ ಬಿಚ್ಚಿ ಚಿಪ್ ಕೂರಿಸುವ ಕೆಲಸವಿಲ್ಲ.

ಜೋಡಿಸುವ ಮೊದಲು ಹಿಂಭಾಗದ ಮೇನ್ ಸ್ವಿಚ್ ಆರಿಸಿ. ಮುಂದಿನ ಬಟನ್ ಒತ್ತಿ ಕೆಂಪು ದೀಪ ಬಂದರೆ ಅದು ಸ್ಟ್ಯಾಂಡ್‌ಬೈ ಅಷ್ಟೇ, ಕರೆಂಟ್ ಇನ್ನೂ ಇರುತ್ತದೆ. ಡಿಸ್ಕನ್ನು ಅಡಾಪ್ಟರ್‌ಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಆ ಖಾಲಿ ಜಾಗದೊಳಗೆ ತಳ್ಳಿ. ಅಡಾಪ್ಟರ್‌ನ ಎರಡು ದಪ್ಪ ಸ್ಕ್ರೂಗಳನ್ನು ನಾಣ್ಯದಿಂದಲೇ ತಿರುಗಿಸಬಹುದು. ಅಡಾಪ್ಟರ್ ಅಂಚು ಕನ್ಸೋಲ್‌ನ ಮೈಗೆ ಸಮನಾಗಿ ಕೂತಿಲ್ಲವೆಂದರೆ ಸ್ಕ್ರೂ ಬಿಗಿಸಿ ಎಳೆದು ಕೂರಿಸಲು ಹೋಗಬೇಡಿ. ಒಳಗೆ ಕನೆಕ್ಟರ್ ಓರೆಯಾಗಿರುತ್ತದೆ, ಹೊರತೆಗೆದು ಮತ್ತೆ ಹಾಕಿ. ಐಡಿಇ ಡಿಸ್ಕ್ ಆದರೆ ಜಂಪರ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ಕ್ಯಾಪ್) ಮಾಸ್ಟರ್ ಸ್ಥಾನದಲ್ಲಿರಬೇಕು, ಪಿನ್ ಬಾಗಿದೆಯೇ ಎಂದು ಕಣ್ಣಿಟ್ಟು ನೋಡಬೇಕು.

ಪ್ರಶ್ನೆ: ಡಿಸ್ಕನ್ನು ಕನ್ಸೋಲ್‌ನಲ್ಲಿ ಫಾರ್ಮ್ಯಾಟ್ ಮಾಡಿ ಆಟ ತುಂಬಲು ಕಂಪ್ಯೂಟರ್‌ಗೆ ಹಾಕಿದೆ. ವಿಂಡೋಸ್ ಕೇಳಿದ್ದಕ್ಕೆಲ್ಲ ಓಕೆ ಒತ್ತಿದೆ. ಈಗ ಕನ್ಸೋಲ್ ಡಿಸ್ಕನ್ನೇ ಗುರುತಿಸುತ್ತಿಲ್ಲ. ಕೆಟ್ಟುಹೋಯಿತೇ?

ಉತ್ತರ: ಡಿಸ್ಕ್ ಕೆಟ್ಟಿಲ್ಲ, ಅದರ ಫಾರ್ಮ್ಯಾಟ್ ಅಳಿಸಿದೆ. ಪ್ಲೇಸ್ಟೇಷನ್ 2 ಬಳಸುವುದು ಎಪಿಎ ಎಂಬ ತನ್ನದೇ ಪಾರ್ಟಿಷನ್ ಪದ್ಧತಿ. ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ, ಹಾಗಾಗಿ ಖಾಲಿ ಡಿಸ್ಕ್ ಎಂದುಕೊಂಡು ‘ಇನಿಷಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಒಪ್ಪಿದರೆ ಡಿಸ್ಕ್‌ನ ಮೊದಲ ಸೆಕ್ಟರ್ ಮೇಲೆ ತನ್ನ ದಾಖಲೆ ಬರೆಯುತ್ತದೆ. ಎಪಿಎಯ ತಲೆಬರಹ ಇರುವುದೂ ಅಲ್ಲೇ. ಇನ್ನು ಮುಂದೆ ಎರಡಕ್ಕೂ ಕ್ಯಾನ್ಸಲ್ ಒತ್ತಿ.

ನೀವಿನ್ನೂ ಆಟ ತುಂಬಿಲ್ಲವಾದ್ದರಿಂದ ಹೊಸದಾಗಿ ಶುರುಮಾಡುವುದೇ ಸುಲಭ. ಕನ್ಸೋಲ್‌ನಲ್ಲಿ ಡಬ್ಲ್ಯುಲಾಂಚ್‌ಎಲ್ಫ್ ಎಂಬ ಫೈಲ್ ನಿರ್ವಹಿಸುವ ಪ್ರೋಗ್ರಾಂ ತೆರೆದು, ಫೈಲ್ ಬ್ರೌಸರ್‌ನ ‘ಮಿಸ್ಕ್’ ಒಳಗಿನ ಎಚ್‌ಡಿಡಿ ಮ್ಯಾನೇಜರ್‌ಗೆ ಹೋಗಿ, ಆರ್1 ಒತ್ತಿ ಫಾರ್ಮ್ಯಾಟ್ ಆರಿಸಿ. ಆಮೇಲೆ ಡಿಸ್ಕನ್ನು ಯುಎಸ್‌ಬಿ ಡಾಕ್ ಮೂಲಕ ಕಂಪ್ಯೂಟರ್‌ಗೆ ಹಾಕಿ. ನಿಮ್ಮ ಆಟದ ಡಿಸ್ಕ್‌ನಿಂದ ಮೊದಲು ಇಮೇಜ್ ಫೈಲ್ (ಇಡೀ ಡಿಸ್ಕ್‌ನ ಪ್ರತಿ) ಮಾಡಿಕೊಂಡು ಎಚ್‌ಡಿಎಲ್ ಡಂಪ್ ಎಂಬ ಕಂಪ್ಯೂಟರ್ ಪ್ರೋಗ್ರಾಂನಿಂದ ಹಾರ್ಡ್ ಡಿಸ್ಕ್‌ಗೆ ಸೇರಿಸಿ. ವಿಂಡೋಸ್‌ನಲ್ಲಿ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಡಿಸ್ಕ್ ಕಾಣಿಸುವುದಿಲ್ಲ.

ಇಲ್ಲೇ ಹಲವರು ಎಡವುವ ಇನ್ನೊಂದು ಜಾಗವಿದೆ. ಆಟದ ಡಿಸ್ಕ್‌ನ ಅಡಿ ನೀಲಿಯಾಗಿದ್ದರೆ ಅದು ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಎಚ್‌ಡಿಎಲ್ ಡಂಪ್‌ನಲ್ಲಿ ಎರಡಕ್ಕೂ ಬೇರೆಬೇರೆ ಆದೇಶ. ಸಿಡಿಯನ್ನು ಬಿನ್ ಮತ್ತು ಕ್ಯೂ ಜೋಡಿ ಫೈಲ್ ಆಗಿ ತೆಗೆದು ಸಿಡಿ ಆದೇಶದಿಂದಲೇ ಸೇರಿಸಿ. ಅದಲುಬದಲಾದರೆ ಹೆಸರು ಪಟ್ಟಿಯಲ್ಲಿ ಕಂಡರೂ ಆಟ ಶುರುವಾಗದೇ ಇರಬಹುದು.

ಪ್ರಶ್ನೆ: ಓಪಿಎಲ್ ಪಟ್ಟಿಯಲ್ಲಿ ಆಟ ಕಾಣುತ್ತದೆ. ಆರಿಸಿದರೆ ಪರದೆ ಕಪ್ಪಾಗಿ ನಿಲ್ಲುತ್ತದೆ. ಬೇರೆ ಆಟಗಳು ಸರಿಯಾಗಿವೆ.

ಉತ್ತರ: ಬೇರೆಯವು ನಡೆಯುತ್ತಿರುವುದರಿಂದ ಅಡಾಪ್ಟರ್ ಮೇಲೆ ಅನುಮಾನ ಬೇಡ. ಆ ಆಟದ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್‌ಗಳಿವೆ. ಒಮ್ಮೆಗೆ ಒಂದನ್ನೇ ಆನ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಒಂದರಿಂದ ಇನ್ನೊಂದು ಕೆಡುವುದೂ ಉಂಟು. ಮೋಡ್ 1 ಡಿಸ್ಕ್ ಓದುವ ವೇಗವನ್ನು ಮೂಲ ಡಿವಿಡಿ ಡ್ರೈವ್‌ನ ಲೆಕ್ಕಕ್ಕೆ ಇಳಿಸುತ್ತದೆ, ಆದ್ದರಿಂದ ಅಲ್ಲಿಂದ ಆರಂಭಿಸಿ. ಎರಡು ಪದರದ ಡಿವಿಡಿಯ ಆಟವಾದರೆ ಮೋಡ್ 5 ಪ್ರಯತ್ನಿಸಿ. ಯಾವುದಕ್ಕೂ ಜಗ್ಗದಿದ್ದರೆ ಇಮೇಜ್ ಫೈಲೇ ಅರೆಬರೆ ಆಗಿರಬಹುದು. ಗೀರುಬಿದ್ದ ಡಿಸ್ಕ್‌ನಿಂದ ತೆಗೆದದ್ದಾದರೆ ಒರೆಸಿ ಮತ್ತೊಮ್ಮೆ ತೆಗೆಯಿರಿ. ಹಲವು ಆಟಗಳು ನಡುನಡುವೆ ನಿಲ್ಲತೊಡಗಿದರೆ ಮಾತ್ರ ಹಾರ್ಡ್ ಡಿಸ್ಕ್‌ನ ವೇಗ ನಿರ್ಧರಿಸುವ ಡಿಎಂಎ ಮೋಡನ್ನು ಯುಡಿಎಂಎ 4ರಿಂದ ಕೆಳಗಿಳಿಸಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ಪೆನ್ ಡ್ರೈವ್ ಸಾಲದೇ?

ಉತ್ತರ: ಓಪಿಎಲ್ ಅದನ್ನೂ ಓದುತ್ತದೆ. ಆದರೆ ಈ ಕನ್ಸೋಲ್‌ನದು ಯುಎಸ್‌ಬಿ 1.1; ಸೆಕೆಂಡಿಗೆ ಸುಮಾರು 1 ಎಂಬಿ ಬಂದರೆ ಹೆಚ್ಚು. ಕನ್ಸೋಲ್‌ನ ಡಿವಿಡಿ ಡ್ರೈವ್ 5 ಎಂಬಿಯಷ್ಟು ಕೊಡುತ್ತದೆ. ಅದನ್ನೇ ನಂಬಿ ಮಾಡಿದ ಆಟದ ವಿಡಿಯೋ ದೃಶ್ಯಗಳು ಪೆನ್ ಡ್ರೈವ್‌ನಲ್ಲಿ ತಡವರಿಸುತ್ತವೆ. ಚಿಕ್ಕ ಆಟಗಳಿಗೆ ಅಡ್ಡಿಯಿಲ್ಲ.

ಪ್ರಶ್ನೆ: ಎಕ್ಸ್‌ಬಾಕ್ಸ್ 360ರಲ್ಲಿ ಆಟ ಇನ್‌ಸ್ಟಾಲ್ ಮಾಡಿದ ಮೇಲೂ ಡಿಸ್ಕ್ ಕೇಳುತ್ತದೆ. ಇನ್ನೊಂದು ಆಟದ ಇನ್‌ಸ್ಟಾಲ್ ಪ್ರತಿಸಲ ಅರ್ಧಕ್ಕೇ ನಿಲ್ಲುತ್ತದೆ, ಆಡಿದರೆ ಮಾತ್ರ ಸರಿಯಾಗಿದೆ.

ಉತ್ತರ: ಡಿಸ್ಕ್ ಕೇಳುವುದು ದೋಷವಲ್ಲ. 2008ರ ನವೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನೊಂದಿಗೆ ಈ ಸೌಲಭ್ಯ ಬಂದಾಗಲೇ, ಮೂಲ ಡಿಸ್ಕ್ ಟ್ರೇಯಲ್ಲಿ ಇರಲೇಬೇಕು ಎಂಬ ನಿಯಮವಿತ್ತು. ಶುರುವಿನಲ್ಲಿ ಅದನ್ನು ಪರೀಕ್ಷಿಸಿ ಆಮೇಲೆ ಹಾರ್ಡ್ ಡ್ರೈವ್‌ನಿಂದಲೇ ಓದುತ್ತದೆ. ಡ್ರೈವ್‌ನ ಗದ್ದಲ ಇಳಿಯುತ್ತದೆ, ಡಿಸ್ಕ್ ಸವೆಯುವುದಿಲ್ಲ.

ಅರ್ಧಕ್ಕೆ ನಿಲ್ಲುವುದಕ್ಕೆ ಹೆಚ್ಚಾಗಿ ಗೀರೇ ಕಾರಣ. ಆಡುವಾಗ ಆ ಹೊತ್ತಿಗೆ ಬೇಕಾದ ಭಾಗವನ್ನಷ್ಟೇ ಓದಿದರೆ ಸಾಕು. ಇನ್‌ಸ್ಟಾಲ್ ಮಾಡುವಾಗ ಇಡೀ ಆಟವನ್ನು ಓದಬೇಕು. ನೀವಿನ್ನೂ ತಲುಪದ ಹಂತದ ಜಾಗದಲ್ಲಿ ಗೀರಿದ್ದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಉಜ್ಜಬೇಡಿ. ಖಾಲಿ ಜಾಗವನ್ನೂ ನೋಡಿಕೊಳ್ಳಿ: ಕೆಲವು ಆಟಗಳಿಗೆ 7 ಜಿಬಿಯವರೆಗೆ ಬೇಕು, ಹಳೆಯ 20 ಜಿಬಿ ಡ್ರೈವ್‌ನಲ್ಲಿ ಬಳಕೆಗೆ ಸಿಗುವುದು ಸುಮಾರು 13 ಜಿಬಿ ಮಾತ್ರ. ಎರಡು ಮೂರು ಡಿಸ್ಕ್‌ಗಳ ಆಟವಾದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು.

ಒಂದು ಅಪವಾದ ಹೇಳಲೇಬೇಕು. ಹೇಲೋ 3 ಆಟವನ್ನು ಇನ್‌ಸ್ಟಾಲ್ ಮಾಡಬೇಡಿ. ಅದು ಡಿಸ್ಕ್‌ನಿಂದ ಆಡುವಾಗಲೇ ಹಾರ್ಡ್ ಡ್ರೈವ್‌ನ ಒಂದು ಭಾಗವನ್ನು ಕ್ಯಾಷ್ (ತಾತ್ಕಾಲಿಕ ಸಂಗ್ರಹ) ಆಗಿ ಬಳಸಿಕೊಳ್ಳುವಂತೆ ರೂಪುಗೊಂಡಿದೆ. ಇನ್‌ಸ್ಟಾಲ್ ಮಾಡಿದರೆ ಓದುವುದೂ ಕ್ಯಾಷ್‌ಗೆ ಬರೆಯುವುದೂ ಒಂದೇ ಡ್ರೈವ್ ಮೇಲೆ ಬಿದ್ದು ಲೋಡಿಂಗ್ ಇನ್ನೂ ನಿಧಾನವಾಗುತ್ತದೆ.