ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಮೊದಲ ಸಲ ಸುಳ್ಯಕ್ಕೆ ಹೋಗುವವರು ದಾರಿ ತಪ್ಪುವುದು ಎಲ್ಲಿ?

ಕಾಸರಗೋಡಿನಿಂದ ಸುಳ್ಯಕ್ಕೆ ಚೆರ್ಕಳ–ಜಾಲ್ಸೂರು ದಾರಿಯಾಗಿ ಬೈಕಿನಲ್ಲಿ ಒಬ್ಬರೇ ಹೋಗಬಹುದಾ, ದಾರಿ ಗೊಂದಲ ಆಗುತ್ತದಾ ಅಂತ ಕೇಳಿದ್ದೀರಿ. ಧಾರಾಳ ಹೋಗಿ. ನನ್ನ ಮನೆ ಮುಳ್ಳೇರಿಯದ ಹತ್ತಿರ, ಇದೇ ರಸ್ತೆಯಲ್ಲಿ ಓಡಾಡಿ ದೊಡ್ಡವನಾದೆ.

ಹೆಚ್ಚಿನವರು ತಪ್ಪುವುದು ಶುರುವಿನಲ್ಲೇ, ಚೆರ್ಕಳದಲ್ಲಿ. ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಒಳಗೆ ಹೋಗಲು ಅಲ್ಲಿ ಎರಡು ರಸ್ತೆ ಇವೆ. ಒಂದು ಬದಿಯಡ್ಕ, ಪೆರ್ಲ, ವಿಟ್ಲ ಆಗಿ ಕಲ್ಲಡ್ಕಕ್ಕೆ. ನಿಮ್ಮದು ಇನ್ನೊಂದು, ಕೇರಳದ ರಾಜ್ಯ ಹೆದ್ದಾರಿ 55. ಒಟ್ಟು ಸುಮಾರು 40 ಕಿ.ಮೀ. ಮಾತ್ರ. ನಮ್ಮ ಮನೆಯ ಮದುವೆಗೆ ಹೊರಟ ನೆಂಟರೊಬ್ಬರು ಬದಿಯಡ್ಕ ಮುಟ್ಟಿ ಫೋನ್ ಮಾಡಿದ್ದರು. ಪುಣ್ಯಕ್ಕೆ ಅಲ್ಲಿಂದಲೂ ಮುಳ್ಳೇರಿಯಕ್ಕೆ ರಸ್ತೆ ಇದೆ, ಊಟ ತಪ್ಪಲಿಲ್ಲ.

ಪೊವ್ವಲ್, ಬೋವಿಕ್ಕಾನ ಕಳೆದ ಮೇಲೆ ಗೇರು ತೋಟ, ಕಾಡು, ತಿರುವು. ಪೊವ್ವಲ್‌ನಲ್ಲಿ ಹಳೆ ಕೋಟೆ ಇದೆ, ಬಿಡುವಿದ್ದರೆ ನೋಡಿ. ರಾತ್ರಿ ಮಾತ್ರ ಬೇಡ. ಮುಳಿಯಾರು, ಕಾರಡ್ಕ, ದೇಲಂಪಾಡಿ ಪಂಚಾಯತುಗಳಲ್ಲಿ ಆನೆ ತೋಟಕ್ಕೆ ಇಳಿಯುವುದು ಹೊಸತೇನಲ್ಲ.

ಮುಳ್ಳೇರಿಯ ಪೇಟೆಯಲ್ಲಿ ಚಾ ಕುಡಿಯಿರಿ, ದಾರಿಯನ್ನೂ ಕೇಳಿಕೊಳ್ಳಿ. ಆದರೆ "ಕರ್ನಾಟಕಕ್ಕೆ ಯಾವ ದಾರಿ" ಅಂತ ಕೇಳಬೇಡಿ. ಗಾಳಿಮುಖ, ಈಶ್ವರಮಂಗಲ ಕಡೆಯ ರಸ್ತೆಯೂ ಕರ್ನಾಟಕಕ್ಕೇ ಹೋಗುತ್ತದೆ, ಅದು ಪುತ್ತೂರಿನ ದಿಕ್ಕು. ಜಾಲ್ಸೂರು ಅಂತಲೇ ಕೇಳಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಮುಂದೆ ಸಿಗುವುದು ಆದೂರು. ಇನ್ನೂ ಮುಂದೆ ಕೊಟ್ಯಾಡಿಯಲ್ಲಿ ಕವಲೊಡೆದು ಒಳಗೆ ಹೋದರೆ ಅಡೂರು. ಎರಡೂ ಬೇರೆ ಬೇರೆ ಊರು! ಪಯಸ್ವಿನಿ ಹೊಳೆ ಬದಿಯ ಮಹಾಲಿಂಗೇಶ್ವರ ದೇವಸ್ಥಾನ ಇರುವುದು ಅಡೂರಿನಲ್ಲಿ. ಅಡೂರಿಗೆ ಅಂತ ಹೊರಟು ಆದೂರಿನಲ್ಲಿ ಬಸ್ಸಿಳಿದವರನ್ನು ನಾನೇ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಒಂದು ಅಕ್ಷರದ ವ್ಯತ್ಯಾಸ, ಪಾಪ ಅವರೇನು ಮಾಡಬೇಕು.

ಪರಪ್ಪ, ಪಂಜಿಕಲ್ಲು ದಾಟಿದರೆ ಮುರೂರು, ಅಲ್ಲೇ ಗಡಿ. 1956ರ ನವೆಂಬರ್ 1ರ ತನಕ ಇಲ್ಲಿ ಗಡಿಯೇ ಇರಲಿಲ್ಲ, ಎರಡೂ ಕಡೆ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. ಈ ಭಾಗದವರಿಗೆ ಈಗಲೂ ಕಾಸರಗೋಡಿಗಿಂತ ಸುಳ್ಯವೇ ಹತ್ತಿರದ ಪೇಟೆ. 2020ರ ಲಾಕ್‌ಡೌನಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಜಾಸ್ತಿ ಕಷ್ಟಪಟ್ಟದ್ದು ಇವರೇ. ಮದ್ದಿಗೆ ಹೋಗುವುದೂ ತಾಪತ್ರಯ ಆಗಿತ್ತು. ಈಗ ಎರಡೂ ರಾಜ್ಯಗಳ ಕೆಎಸ್‌ಆರ್‌ಟಿಸಿ ಬಸ್ಸುಗಳು ಓಡುತ್ತಿವೆ.

ಜಾಲ್ಸೂರಿನಲ್ಲಿ ಮಾಣಿ–ಮೈಸೂರು ಹೆದ್ದಾರಿ ಸಿಗುತ್ತದೆ. ಎಡಕ್ಕೆ ಪುತ್ತೂರು. ನೀವು ಬಲಕ್ಕೆ ತಿರುಗಿ, ಏಳೆಂಟು ಕಿಲೋಮೀಟರಿಗೆ ಸುಳ್ಯ.