ಮಂಡ್ಯದಿಂದ ನಂದಿ ಬೆಟ್ಟಕ್ಕೆ: ಸೂರ್ಯೋದಯ ತಪ್ಪಿದರೂ ಪರವಾಗಿಲ್ಲ

ನೀವು ಕೇಳಿರೋದು ಇಷ್ಟು: ಮಂಡ್ಯದಿಂದ ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ನಂದಿ ಬೆಟ್ಟಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದಾ, ಸೂರ್ಯೋದಯ ಬಿಟ್ಟರೆ ಅಲ್ಲಿ ನೋಡೋಕೆ ಏನಿದೆ?

ಖಂಡಿತ ಹೋಗಿ ಬರಬಹುದು. ಬೆಂಗಳೂರಿಗೆ ನೂರು ಕಿಲೋಮೀಟರ್, ಅಲ್ಲಿಂದ ಇನ್ನು ಅರವತ್ತು. ಆದರೆ ಸೂರ್ಯೋದಯದ ಆಸೆಗೆ ಅವರನ್ನು ನಡುರಾತ್ರಿ ಎಬ್ಬಿಸಬೇಡಿ.

ನಾನು ಶ್ರೀರಂಗಪಟ್ಟಣದವನು. ಮೊದಲ ಸಲ ಸ್ನೇಹಿತರ ಜತೆ ರಾತ್ರಿ ಒಂದು ಗಂಟೆಗೇ ಹೊರಟಿದ್ದೆ. ಬೆಟ್ಟದ ಬುಡದಲ್ಲಿ ಗಾಡಿಗಳ ಸಾಲು, ಮೇಲೆ ಜನಜಾತ್ರೆ, ಸುತ್ತ ಬರೀ ಮಂಜು. ಸೂರ್ಯ ಯಾವಾಗ ಹುಟ್ಟಿದನೋ ಗೊತ್ತಾಗಲಿಲ್ಲ. ಎರಡನೇ ಸಲ ಅಮ್ಮನ ಜತೆ ಹೋದೆ. ಬೆಳಗ್ಗೆ ಐದೂವರೆಗೆ ಹೊರಟು, ದಾರಿಯಲ್ಲಿ ತಿಂಡಿ ತಿಂದು, ಒಂಬತ್ತೂವರೆ ಹೊತ್ತಿಗೆ ಮೇಲಿದ್ದೆವು. ನಾವು ಹತ್ತುವಾಗ ಸೂರ್ಯೋದಯಕ್ಕೆ ಬಂದವರೆಲ್ಲ ಇಳಿಯುತ್ತಿದ್ದರು. ತೋಟ ಹೆಚ್ಚುಕಡಿಮೆ ನಮ್ಮದೇ ಆಗಿತ್ತು.

ಈ ಬೆಟ್ಟಕ್ಕೆ ಹಿಂದಿನವರು ಬರುತ್ತಿದ್ದುದೇ ವಿಶ್ರಾಂತಿಗೆ. ಎತ್ತರ 1,478 ಮೀಟರ್, ನಮ್ಮ ಮಂಡ್ಯಕ್ಕಿಂತ ಸುಮಾರು 800 ಮೀಟರ್ ಜಾಸ್ತಿ. ಅಷ್ಟಕ್ಕೇ ಬೇಸಿಗೆಯಲ್ಲೂ ತಂಪು. ಟಿಪ್ಪು ಇಲ್ಲಿ ಬೇಸಿಗೆ ಅರಮನೆ ಇಟ್ಟುಕೊಂಡಿದ್ದ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯೋಕೆ ಬಂಗಲೆ ಮಾಡಿಕೊಂಡ. 1927ರಲ್ಲಿ ರಕ್ತದೊತ್ತಡದಿಂದ ಹಾಸಿಗೆ ಹಿಡಿದಿದ್ದ ಗಾಂಧೀಜಿ ವಾರಗಟ್ಟಲೆ ಇಲ್ಲೇ ಉಳಿದು ಸುಧಾರಿಸಿಕೊಂಡರು. 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಶೃಂಗಸಭೆ ನಡೆದಾಗ ನಾಯಕರನ್ನು ಕರೆತಂದದ್ದೂ ಇಲ್ಲಿಗೇ. ಅಂಥ ಜಾಗದಲ್ಲಿ ಇವತ್ತು ಒಂದು ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಮರದ ಕೆಳಗೆ ಕೂರಬಹುದು. ನನಗೆ ತುಂಬಾ ಇಷ್ಟವಾಗೋದು ಇದೇ.

ಮೇಲೆ ಒಂದು ಅನುಭವ ಆಯಿತು. ಮಳೆ ಇರಲಿಲ್ಲ, ದಾರಿಯ ಮಧ್ಯದಲ್ಲಿ ನೆಲ ಒಣಗಿತ್ತು. ದೊಡ್ಡ ಮರದ ಕೆಳಗೆ ಹೋದ ಕೂಡಲೇ ತಟಪಟ ಅಂತ ಹನಿ. ಅಮ್ಮ ಸೆರಗು ತಲೆಗೆ ಹೊದ್ದು ಮೇಲೆ ನೋಡಿದರು. ಗಾಳಿಗೆ ಬರುವ ಮಂಜು ಎಲೆಗಳಿಗೆ ತಾಗಿ ನೀರಾಗಿ ಇಳಿಯುತ್ತದೆ. ಮರದ ಬುಡದಲ್ಲಷ್ಟೇ ಮಣ್ಣು ಒದ್ದೆ, ಕಾಂಡದ ತುಂಬ ಪಾಚಿ. ಅಮ್ಮ ಆ ಪಾಚಿ ಮೇಲೆ ಅಂಗೈ ಒತ್ತಿದರು. ತೆಗೆದಾಗ ಬೆರಳ ಸಂದಿಯಿಂದ ನೀರು ಇಳಿಯಿತು. "ಮರವೇ ಮೋಡ ಹಿಂಡ್ತದಲ್ಲೋ" ಅಂದರು.

ಈ ಬೆಟ್ಟದ ಸೀಮೆಯಲ್ಲಿ ಹುಟ್ಟುವ ನದಿಗಳಲ್ಲಿ ಅರ್ಕಾವತಿಯೂ ಒಂದು. ಹೆಸರಘಟ್ಟ, ರಾಮನಗರ, ಕನಕಪುರದ ಕಡೆ ಹರಿದು, ನಮ್ಮ ಮುತ್ತತ್ತಿಗಿಂತ ಕೆಳಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇದನ್ನು ಹೇಳಿದ ಮೇಲೆ ಅಮ್ಮನಿಗೆ ಬೆಟ್ಟ ನೆಂಟರ ಮನೆಯಂತಾಯಿತು.

ನಮ್ಮೂರಿಗೂ ಈ ಬೆಟ್ಟಕ್ಕೂ ಇನ್ನೊಂದು ನಂಟಿದೆ. 1791ರ ಅಕ್ಟೋಬರ್‌ನಲ್ಲಿ ಇಲ್ಲಿನ ಕೋಟೆ ಬ್ರಿಟಿಷರ ಕೈಸೇರಿತು. ನಾಲ್ಕೇ ತಿಂಗಳಲ್ಲಿ ಅವರ ದಂಡನಾಯಕ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಮುಂದೆ ನಿಂತಿತ್ತು. ನಮ್ಮೂರಿನ ಟಿಪ್ಪು ಅರಮನೆ ದರಿಯಾ ದೌಲತ್ ನೋಡಿ ಬೆಳೆದ ನನಗೆ ಮೇಲಿನ ಅರಮನೆ ತೀರಾ ಚಿಕ್ಕದು ಅನ್ನಿಸಿತು. ನಾವು ಹೋದಾಗ ಬೀಗ ಹಾಕಿತ್ತು, ಹೊರಗಿನಿಂದ ನೋಡಿ ಬಂದೆವು. ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆಯಂಚಿನ ಹತ್ತಿರ ಗಾಳಿ ಜೋರು. ಹಿರಿಯರನ್ನು ಕಂಬಿಯ ಹತ್ತಿರಕ್ಕೆ ಬಿಡಬೇಡಿ.

ಅಮೃತ ಸರೋವರಕ್ಕೆ ಮಾತ್ರ ಹೋಗಲೇಬೇಕು. ನಾಲ್ಕೂ ಕಡೆ ಮೆಟ್ಟಿಲಿರುವ ಕಲ್ಯಾಣಿ. ಮಂಡಿ ನೋವಿರುವವರು ಮೇಲಿನ ಮೆಟ್ಟಿಲಲ್ಲೇ ಕೂತರೂ ಪೂರ್ತಿ ಕಾಣುತ್ತದೆ. ತಿನ್ನೋ ಪದಾರ್ಥ ಕೈಯಲ್ಲಿ ಹಿಡಿದು ನಡೆಯಬೇಡಿ. ನಮ್ಮ ಮದ್ದೂರು ವಡೆಯ ಕವರನ್ನು ಕೋತಿ ಅಮ್ಮನ ಕೈಯಿಂದಲೇ ಕಿತ್ತುಕೊಂಡಿತು. ಅಮ್ಮ ಬೆಚ್ಚಿಬಿದ್ದು ಎಡವಿದರು, ಸದ್ಯ ಪೆಟ್ಟಾಗಲಿಲ್ಲ. ಎಲ್ಲವನ್ನೂ ಜಿಪ್ ಇರುವ ಬ್ಯಾಗಿನಲ್ಲಿಡಿ.

ಇಳಿದ ಮೇಲೆ ನೇರ ಮನೆ ಕಡೆ ತಿರುಗಬೇಡಿ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನವಿದೆ, ಮೂಲ ಒಂಬತ್ತನೇ ಶತಮಾನದ್ದು. ಕೆಳಗೆ ಭೋಗನಂದಿ, ಬೆಟ್ಟದ ತುದಿಯಲ್ಲಿ ಯೋಗನಂದಿ. ಕೆಳಗಿನ ಗುಡಿಯ ಕಲ್ಯಾಣ ಮಂಟಪದಲ್ಲಿ ಕಪ್ಪು ಕಲ್ಲಿನ ಕಂಬಗಳಿವೆ. ಬಳ್ಳಿ, ಗಿಳಿ ಎಲ್ಲ ಅಷ್ಟು ನಯವಾಗಿ ಕೆತ್ತಿದ್ದಾರೆ, ಹತ್ತಿರ ನಿಂತು ನೋಡಿ. ಮೆಟ್ಟಿಲು ಕಡಿಮೆ, ಹಿರಿಯರಿಗೆ ಇದೇ ಸುಲಭ.

ಚಳಿಗಾಲದಲ್ಲಿ ಹೋಗುವುದಾದರೆ ಸ್ವೆಟರ್ ಜತೆ ಅಪ್ಪ-ಅಮ್ಮನಿಗೆ ಕಾಲುಚೀಲವೂ ಇರಲಿ. ಯೋಗನಂದಿಯ ಅಂಗಳದ ಕಲ್ಲು ಹತ್ತು ಗಂಟೆಗೂ ಕೊರೆಯುತ್ತಿರುತ್ತದೆ, ಚಪ್ಪಲಿ ಬಾಗಿಲಲ್ಲೇ ಬಿಡಬೇಕಲ್ವಾ.